ಚೌಕಟ್ಟಿನಿಂದ ಹೊರಗುಳಿದ ಕೈಗಳು: ಕಾಸರಗೋಡಿನ ಒಂದು ಹಾಸ್ಯ ಚಾನೆಲಿನ ಪ್ರಕರಣ

ಬದಿಯಡ್ಕದ ಆಸುಪಾಸಿನ ಯುವಕನೊಬ್ಬ ಯೂಟ್ಯೂಬಿನಲ್ಲಿ ಹಾಸ್ಯ ಮತ್ತು ಮಾತುಕತೆಯ ಚಾನೆಲ್ ನಡೆಸುತ್ತಾನೆ. ಊರಿನವರನ್ನು ಕೂರಿಸಿಕೊಂಡು ಹರಟುವುದು, ನಡುನಡುವೆ ತಾನೇ ಒಂದೆರಡು ಪಾತ್ರ ಕಟ್ಟಿ ನಗಿಸುವುದು ಅವನ ಕ್ರಮ. ಆ ಚಾನೆಲಿನಲ್ಲಿ ಬೀಡಿ ಕಟ್ಟುವ ಹಿರಿಯ ಹೆಂಗಸೊಬ್ಬರು ಹನ್ನೊಂದು ನಿಮಿಷ ಮಾತನಾಡಿದರು. ಅದರಿಂದ ಒಂದು ನಿಮಿಷಕ್ಕೂ ಚಿಕ್ಕದಾದ ತುಣುಕನ್ನು ಕತ್ತರಿಸಿ ಹಾಕಿದಾಗ, ಚಾನೆಲಿನ ಅದುವರೆಗಿನ ಎಲ್ಲ ವಿಡಿಯೊಗಳನ್ನೂ ಮೀರಿಸಿ ಅದು ಓಡಿತು. ಪೂರ್ತಿ ಮಾತುಕತೆಯಲ್ಲಿ ಗೆಲ್ಲುವವರು ಆ ಹೆಂಗಸು. ತುಣುಕಿನಲ್ಲಿ ನಗೆಪಾಟಲಾದವರೂ ಅವರೇ.

ನಾನು ಹಿಂದೆ ಬಾನುಲಿಗಾಗಿ ಮಾತಿನ ಕಾರ್ಯಕ್ರಮಗಳನ್ನು ಸಂಕಲಿಸುತ್ತಿದ್ದವನು. ತುಣುಕಿನ ಗಲಾಟೆ ಜೋರಾದ ಮೇಲೆ ಆ ಯುವಕ ನನ್ನ ಬಳಿಗೆ ಬಂದ. ಆಮೇಲೆ ನಡೆದ ಹೆಚ್ಚಿನದ್ದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಇಬ್ಬರ ಒಪ್ಪಿಗೆ ಪಡೆದು, ಹೆಸರು ಮತ್ತು ಊರಿನ ನಿಖರ ಗುರುತು ಬಿಟ್ಟು ಇದನ್ನು ಬರೆಯುತ್ತಿದ್ದೇನೆ. ಯುವಕನನ್ನು ನಿರೂಪಕ ಎಂದೂ, ಆ ಹಿರಿಯರನ್ನು ಅವನು ಕರೆಯುವಂತೆ ದೊಡ್ಡಮ್ಮ ಎಂದೂ ಕರೆಯುತ್ತೇನೆ.

ನಿರೂಪಕ ಬಂದ ದಾರಿ

2020ರ ಮಾರ್ಚಿಗೆ ಮೊದಲು ಅವನ ದುಡಿಮೆಯೆಲ್ಲ ವೇದಿಕೆಯ ಮೇಲೆ. ಮದುವೆಯ ಆರತಕ್ಷತೆ, ಶಾಲೆಯ ವಾರ್ಷಿಕೋತ್ಸವ, ಕ್ಲಬ್ಬಿನವರ ಹಗ್ಗಜಗ್ಗಾಟ, ದೇವಸ್ಥಾನದ ಬ್ರಹ್ಮಕಲಶದ ಸಭೆ, ಎಲ್ಲಿ ಮೈಕು ಇದೆಯೋ ಅಲ್ಲಿ ಅವನಿದ್ದ. ಕಾಸರಗೋಡಿನಲ್ಲಿ ನಿರೂಪಣೆ ಎಂದರೆ ಮೂರು ನಾಲಿಗೆಯ ಕೆಲಸ. ಸ್ವಾಗತವನ್ನು ಅಚ್ಚುಕಟ್ಟಾದ ಕನ್ನಡದಲ್ಲಿ ಹೇಳಬೇಕು, ಮುಂದಿನ ಸಾಲಿನಲ್ಲಿ ಕೂತ ಮಾವಂದಿರನ್ನು ತುಳುವಿನಲ್ಲಿ ಕೆಣಕಬೇಕು, ಗೇಟಿಗೆ ಅಡ್ಡವಾಗಿ ನಿಲ್ಲಿಸಿದ ಕಾರನ್ನು ತೆಗೆಯಿರಿ ಎಂಬುದನ್ನು ಮಲಯಾಳದಲ್ಲಿ ಹೇಳಬೇಕು. ಕೂತವರಿಗೆ ಮೂರೂ ಅರ್ಥವಾಗುತ್ತವೆ. ಒಂದು ಭಾಷೆಯಿಂದ ಇನ್ನೊಂದಕ್ಕೆ ಜಾರುವ ಆ ಕ್ಷಣದಲ್ಲಿಯೇ ಅರ್ಧ ನಗು ಹುಟ್ಟುತ್ತದೆ.

ಲಾಕ್‌ಡೌನ್ ಬಂತು. ತಲಪಾಡಿಯಲ್ಲಿ ಗಡಿ ಮುಚ್ಚಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿಕೊಂಡಿದ್ದ ನಮ್ಮ ಕಡೆಯ ರೋಗಿಗಳು ಗಡಿಯಲ್ಲಿ ತಡೆಯಲ್ಪಟ್ಟ ಆ ವಾರಗಳನ್ನು ಇಲ್ಲಿ ಯಾರೂ ಮರೆತಿಲ್ಲ. ವೇದಿಕೆಗಳು ಖಾಲಿಯಾದವು. ನಿರೂಪಕ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಒಂದು ಬದಿಯ ಪೊಲೀಸರಿಗೆ ಕನ್ನಡದಲ್ಲಿಯೂ ಇನ್ನೊಂದು ಬದಿಯವರಿಗೆ ಮಲಯಾಳದಲ್ಲಿಯೂ ತನ್ನ ಮನೆ ಎಲ್ಲಿದೆ ಎಂದು ವಿವರಿಸಲು ಹೆಣಗುವ ಮನುಷ್ಯನ ಪಾತ್ರ ಮಾಡಿದ. ಅದು ಹಿಡಿಸಿತು. ಅದೇ ವರ್ಷ ಜೂನ್ 29ರಂದು ಭಾರತದಲ್ಲಿ ಟಿಕ್‌ಟಾಕ್ ನಿಷೇಧವಾಯಿತು. ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ತನ್ನ ಶಾರ್ಟ್ಸನ್ನು ಮೊದಲು ಭಾರತದಲ್ಲಿಯೇ ಪ್ರಯೋಗಕ್ಕೆ ತಂದಿತು. ಚಿಕ್ಕ ವಿಡಿಯೊ ಮಾಡುವವರ ದಂಡೇ ಅತ್ತ ನುಗ್ಗಿತು. ನಿರೂಪಕ ಮಾತ್ರ ಬಹುಕಾಲ ಉದ್ದದ ಮಾತುಕತೆಯನ್ನೇ ನೆಚ್ಚಿಕೊಂಡಿದ್ದ. ಅಡಿಕೆ ಸುಲಿಯುವವರು, ಖಾಸಗಿ ಬಸ್ಸಿನ ಕಂಡಕ್ಟರುಗಳು, ಅಡುಗೆ ಭಟ್ಟರು, ಗಲ್ಫಿನಿಂದ ಮರಳಿ ಕೋಳಿ ಸಾಕುತ್ತಿರುವವರು ಅವನ ಅತಿಥಿಗಳು.

ಅವನ ಹಾಸ್ಯಕ್ಕೆ ಇನ್ನೊಂದು ಬೇರಿದೆ, ಈ ಪ್ರಕರಣದಲ್ಲಿ ಅದೇ ಮುಖ್ಯ. ಚಿಕ್ಕಂದಿನಲ್ಲಿ ಅವನು ಯಕ್ಷಗಾನ ಕಲಿತವನು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಹುಟ್ಟಿದ ಹುಡುಗನಿಗೆ ಇದು ವಿಶೇಷವೇನೂ ಅಲ್ಲ. ಕೋಡಂಗಿಯಾಗಿ ಕುಣಿದು, ಮುಂದೆ ಸಂಘದ ಆಟಗಳಲ್ಲಿ ಹಾಸ್ಯದ ವೇಷ ಮಾಡಿದ್ದ. ಅರಸ ಗ್ರಾಂಥಿಕ ಕನ್ನಡದಲ್ಲಿ ಗುಡುಗುವಾಗ ಬಾಗಿಲಿನ ದೂತ ಊರ ಮಾತಿನಲ್ಲಿ ಉತ್ತರ ಕೊಡುತ್ತಾನೆ. ದಡ್ಡತನ ಅವನ ವೇಷದ ಭಾಗ. ಆ ದಡ್ಡತನದ ಮರೆಯಲ್ಲಿ ನಿಂತು ಅರಸನ ಡೊಂಕನ್ನು ತೋರಿಸಿಬಿಡುವುದು ಅವನ ಜಾಣತನ. ಒಳ್ಳೆಯ ಹಾಸ್ಯಗಾರ ಸಭೆಯಲ್ಲಿ ಕೂತ ಬಡಪಾಯಿಯನ್ನು ನಗೆಗೆ ಗುರಿ ಮಾಡುವುದಿಲ್ಲ. ಗುರಿಯಾಗಲು ಅವನೇ ಮುಂದೆ ನಿಲ್ಲುತ್ತಾನೆ. ನಿರೂಪಕನ ಹಳೆಯ ವಿಡಿಯೊಗಳನ್ನು ನೋಡಿದರೆ ಈ ಪಾಠ ಮೈಗೂಡಿರುವುದು ಕಾಣುತ್ತದೆ: ಅತಿಥಿ ಬಲ್ಲವರು, ಇವನು ಪೆದ್ದ.

ಆ ಹನ್ನೊಂದು ನಿಮಿಷ

ದೊಡ್ಡಮ್ಮನ ಮನೆಮಾತು ತುಳು. ನಾಲ್ಕನೇ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಕಲಿತವರು. ಮಲಯಾಳ ಪೇಟೆಯಿಂದ ಬಂದದ್ದು, ಓದಲು ಬರುವುದಿಲ್ಲ. ಅವರು ಜಗಲಿಯಲ್ಲಿ ಮೊರವನ್ನು ಮಡಿಲಿಗೇರಿಸಿಕೊಂಡು ಕೂತಿದ್ದಾರೆ. ಕತ್ತರಿಯಲ್ಲಿ ಅಳತೆಗೆ ಎಲೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ಹರಡಿ, ಸುತ್ತಿ, ತುದಿ ಮಡಚಿ, ನೂಲು ಕಟ್ಟುತ್ತಾರೆ. ಸಾವಿರ ಬೀಡಿಗೆ ಇಷ್ಟೆಂದು ಮಜೂರಿ ಸಿಗುವ ಕೆಲಸವಾದ್ದರಿಂದ ಮಾತಿಗಾಗಿ ಕೈ ನಿಲ್ಲಿಸುವ ಪ್ರಶ್ನೆಯೇ ಇಲ್ಲ. ನಿರೂಪಕ ಪಕ್ಕದ ಕಟ್ಟೆಯಲ್ಲಿ ಕೂತಿದ್ದಾನೆ.

ಅವರು ಹೇಳಿದ ಕಥೆ ಇದು. ಗಂಡ ತೀರಿಕೊಂಡ ಮೇಲೆ ಜಾಗದ ತೀರ್ವೆಯನ್ನು, ಎಂದರೆ ಭೂಕಂದಾಯವನ್ನು, ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ವಿಲೇಜ್ ಆಫೀಸಿಗೆ ಹೋಗುತ್ತಾರೆ. ಅರ್ಜಿ ಮಲಯಾಳದಲ್ಲಿದೆ. ಅಧಿಕಾರಿ ತೆಂಕಣ ಜಿಲ್ಲೆಯಿಂದ ವರ್ಗವಾಗಿ ಬಂದವರು. ಅವರು ಕೇಳುವುದು ಒಂದು, ಇವರು ಹೇಳುವುದು ಇನ್ನೊಂದು. ಸರದಿಯಲ್ಲಿ ಹಿಂದೆ ನಿಂತವನೊಬ್ಬ ಅನುವಾದಿಸಲು ಹೋಗಿ ಗೊಂದಲವನ್ನು ಇಮ್ಮಡಿ ಮಾಡುತ್ತಾನೆ. ಈ ಭಾಗವನ್ನು ದೊಡ್ಡಮ್ಮ ಬರೀ ಹೇಳುವುದಿಲ್ಲ, ನಟಿಸುತ್ತಾರೆ. ಅಧಿಕಾರಿಯ ಗಂಟಲು ಬೇರೆ, ಅನುವಾದಕನ ಗಡಿಬಿಡಿ ಬೇರೆ, ಅಂದಿನ ತಮ್ಮ ಕಕ್ಕಾಬಿಕ್ಕಿ ಬೇರೆ. ಮೂರು ಪಾತ್ರ, ಕೂತಲ್ಲಿಂದ ಕದಲದೆ.

ಆಮೇಲೆ ಕಥೆ ತಿರುಗುತ್ತದೆ. ಅಧಿಕಾರಿ ಜಾಗದ ಮೂಲ ದಾಖಲೆ ಕೇಳುತ್ತಾರೆ. ದೊಡ್ಡಮ್ಮ ಚೀಲದಿಂದ ಹಳೆಯ ಪತ್ರ ತೆಗೆದು ಮೇಜಿನ ಮೇಲಿಡುತ್ತಾರೆ. ಅದು ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಕಾಲದ್ದು, ಉದ್ದಕ್ಕೂ ಕನ್ನಡ ಕೈಬರಹ, ಮೂಲಗೇಣಿಯ (ಶಾಶ್ವತ ಗೇಣಿಯ) ವಿವರ. 1956ರ ನವೆಂಬರ್ 1ಕ್ಕೆ ತಾಲೂಕು ಕೇರಳಕ್ಕೆ ಸೇರಿತು, ಆದರೆ ಅದಕ್ಕೂ ಹಿಂದಿನ ಕಾಗದಗಳ ಭಾಷೆ ಬದಲಾಗಲಿಲ್ಲವಲ್ಲ. ಅಧಿಕಾರಿಗೆ ಅದರಲ್ಲಿ ಅಂಕೆಗಳು ಬಿಟ್ಟು ಬೇರೇನೂ ತಿಳಿಯುವುದಿಲ್ಲ. ಆಫೀಸಿನಲ್ಲಿ ಇದನ್ನು ಓದಬಲ್ಲವರು ಯಾರಿದ್ದೀರಿ ಎಂದು ಕೇಳುತ್ತಾರೆ. ಯಾರೂ ಮಾತನಾಡುವುದಿಲ್ಲ. ಆಗ ದೊಡ್ಡಮ್ಮ, “ನಾನು ಓದಿ ಹೇಳುತ್ತೇನೆ. ಆದರೆ ನಿಂತುಕೊಂಡು ಓದಲು ಆಗುವುದಿಲ್ಲ, ಒಂದು ಕುರ್ಚಿ ಕೊಡಿ” ಎನ್ನುತ್ತಾರೆ. ಅಧಿಕಾರಿ ನಕ್ಕು ಎದ್ದು ತಮ್ಮ ಕುರ್ಚಿಯನ್ನೇ ಕೊಡುತ್ತಾರೆ. ನಾಲ್ಕನೇ ತರಗತಿಯ ಕನ್ನಡದಲ್ಲಿ ಬೆರಳಿಟ್ಟು ಅಕ್ಷರ ಅಕ್ಷರ ಓದುತ್ತಾ ದೊಡ್ಡಮ್ಮ ಅರ್ಧ ಗಂಟೆ ವಿಲೇಜ್ ಆಫೀಸರರ ಕುರ್ಚಿಯಲ್ಲಿ ಕೂರುತ್ತಾರೆ.

ಇಷ್ಟು ಒಳ್ಳೆಯ ಹಾಸ್ಯ ಕಥನವನ್ನು ನಾನು ಬಾನುಲಿಯ ದಿನಗಳಲ್ಲಿಯೂ ಹೆಚ್ಚು ಕೇಳಿಲ್ಲ. ಮೊದಲರ್ಧದ ಅವಮಾನವೆಲ್ಲ ಎರಡನೆಯರ್ಧದ ಕುರ್ಚಿಗಾಗಿ ಕೂಡಿಟ್ಟದ್ದು. ಅದನ್ನು ಕೂಡಿಡುತ್ತಿದ್ದೇನೆ ಎಂಬ ಅರಿವು ಅವರ ಕಣ್ಣಿನಲ್ಲಿದೆ. ಗಡಿನಾಡಿನ ಭಾಷೆಯ ಸಂಕಟವನ್ನು ಇಷ್ಟು ನ್ಯಾಯವಾಗಿ, ಯಾರನ್ನೂ ಖಳರನ್ನಾಗಿಸದೆ ಹೇಳಿದ ಭಾಷಣವನ್ನೂ ನಾನು ಕೇಳಿಲ್ಲ.

ತುಣುಕು

ಈ ವಿಡಿಯೊ ಊರಿನ ಮಟ್ಟಿಗೆ ಚೆನ್ನಾಗಿಯೇ ಓಡಿತು. ಆದರೆ ಆ ಹೊತ್ತಿಗೆ ಚಾನೆಲಿನ ಬೆಳವಣಿಗೆ ನಿಂತಿತ್ತು. ಸಂಕಲನ ಮಾಡುವ ಹುಡುಗ ಶಾರ್ಟ್ಸ್ ಹಾಕೋಣ ಎಂದು ಒತ್ತಾಯಿಸುತ್ತಿದ್ದ. ಆಗ ಶಾರ್ಟ್ಸಿಗೆ 60 ಸೆಕೆಂಡಿನ ಮಿತಿ ಇತ್ತು. ಮೂರು ಪಾತ್ರಗಳ ಆ ಗೊಂದಲದ ಭಾಗವೇ ಹೆಚ್ಚು ನಗು ತರಿಸುವಂಥದ್ದು ಎಂದು ಅದನ್ನು ಆರಿಸಿದರು. ನಿರೂಪಕ ನೋಡಿ ಒಪ್ಪಿದ.

ತುಣುಕು ಮೊದಲು ಮಂಗಳೂರಿನಲ್ಲಿ, ಎರಡು ದಿನಗಳಲ್ಲಿ ಬೆಂಗಳೂರು ಮೈಸೂರುಗಳಲ್ಲಿ ಹರಿಯಿತು. ಬೇರೆ ಪುಟಗಳವರು ಇಳಿಸಿಕೊಂಡು ತಮ್ಮ ಶೀರ್ಷಿಕೆ ಅಂಟಿಸಿ ಹಾಕಿದರು. ಹರಡಿದವರಲ್ಲಿ ಎರಡು ಬಗೆ. ಒಂದು ಬಗೆಯವರಿಗೆ ದೊಡ್ಡಮ್ಮ ಏನೂ ತಿಳಿಯದ ಮುದುಕಿ, ಅವರ ಕನ್ನಡವೇ ಒಂದು ತಮಾಷೆ. ಇನ್ನೊಂದು ಬಗೆಯವರಿಗೆ ಅವರು ಮಲಯಾಳದ ದಬ್ಬಾಳಿಕೆಗೆ ಸಿಕ್ಕ ಬಲಿಪಶು. ಕಾಸರಗೋಡಿನ ಕನ್ನಡಿಗರ ದೂರು ಸುಳ್ಳಲ್ಲ. ಚಂದ್ರಗಿರಿ ಹೊಳೆಯ ಉತ್ತರದ ಪ್ರದೇಶ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ರಾಜ್ಯಗಳ ಗಡಿ ತಕರಾರು ಪರಿಶೀಲಿಸಿದ ಮಹಾಜನ ಆಯೋಗ ಹೇಳಿದ ಮಾತು ಕಾಗದದಲ್ಲಿಯೇ ಉಳಿಯಿತು. ಆ ಸೇರ್ಪಡೆಗಾಗಿ ಹೋರಾಡಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿ ಆ ಕನಸು ನನಸಾಗದೆಯೇ 2015ರಲ್ಲಿ ತೀರಿಕೊಂಡರು. ಮಲಯಾಳ ಅರ್ಜಿಯ ಮುಂದೆ ಪೆನ್ನು ಹಿಡಿದು ಸುಮ್ಮನೆ ನಿಂತವರನ್ನು ಇಲ್ಲಿ ಯಾವ ಕಚೇರಿಯಲ್ಲಿಯೂ ಕಾಣಬಹುದು. ಆದರೆ ದೊಡ್ಡಮ್ಮನ ಕಥೆ ಗೋಳಿನದ್ದಾಗಿರಲಿಲ್ಲ. ಸಿಟ್ಟಿಗೆದ್ದವರಲ್ಲಿ ಕೆಲವರು ಆ ಅಧಿಕಾರಿ ಯಾರೆಂದು ಹುಡುಕಿ ಆಫೀಸಿಗೆ ಫೋನು ಮಾಡತೊಡಗಿದರು.

ದುಬೈಯಲ್ಲಿರುವ ದೊಡ್ಡಮ್ಮನ ಮಗನಿಗೆ ತುಣುಕು ತೋರಿಸಿದವರು ಅವನ ಕೋಣೆಯ ಸಂಗಾತಿಗಳೇ. ಅದು ಅವನ ತಾಯಿ ಎಂದು ಅವರಿಗೆ ಗೊತ್ತಿರಲಿಲ್ಲ. ಅವನು ಆ ರಾತ್ರಿಯೇ ನಿರೂಪಕನಿಗೆ ಫೋನು ಮಾಡಿ, “ಅಣ್ಣ, ಅಮ್ಮ ನಿಮಗೆ ಚಹಾ ಮಾಡಿ ಕೊಟ್ಟಿದ್ದರಲ್ಲ” ಎಂದಷ್ಟೇ ಹೇಳಿ ಇಟ್ಟುಬಿಟ್ಟ.

ಒಂದು ಬಟ್ಟೆ ಅಂಗಡಿಯವರು ದೊಡ್ಡಮ್ಮನಿಂದ ಅದೇ ಕಕ್ಕಾಬಿಕ್ಕಿಯನ್ನು ಮತ್ತೊಮ್ಮೆ ಮಾಡಿಸಿ ಜಾಹೀರಾತು ಕೊಡಲು ಮುಂದೆ ಬಂದರು. ನಿರೂಪಕ ಒಪ್ಪಲಿಲ್ಲ. ನನ್ನ ಬಳಿಗೆ ಬಂದದ್ದು ಅದರ ಮಾರನೆಯ ದಿನ.

“ಅದೆಲ್ಲಿ?”

ಇಬ್ಬರೂ ದೊಡ್ಡಮ್ಮನ ಮನೆಗೆ ಹೋದೆವು. ಅವರಲ್ಲಿ ಗುಂಡಿ ಒತ್ತುವ ಫೋನು ಮಾತ್ರ ಇದ್ದದ್ದು. ಊರಿನವರು ಬಣ್ಣಿಸಿದ್ದನ್ನು ಕೇಳಿದ್ದರೇ ಹೊರತು ತುಣುಕನ್ನು ಕಂಡಿರಲಿಲ್ಲ. ನಿರೂಪಕ ಕ್ಷಮೆ ಕೇಳತೊಡಗಿದಾಗ ಅವರು ತಡೆದು, “ಮೊದಲು ತೋರಿಸು ಮಗನೇ, ನೋಡದೆ ಏನು ಹೇಳಲಿ” ಎಂದರು. ಎರಡು ಸಲ ನೋಡಿದರು. ಮತ್ತೆ ಕೇಳಿದ ಮೊದಲ ಪ್ರಶ್ನೆ: “ನಾನು ನೂಲು ಕಟ್ಟುತ್ತಿದ್ದೆನಲ್ಲ, ಅದೆಲ್ಲಿ?”

ತುಣುಕಿನ ಮೇಲೆ ನಾವೆಲ್ಲ ಏನೇನೋ ಚರ್ಚೆ ಮಾಡಿದ್ದೆವು. ಶೀರ್ಷಿಕೆಯ ತಪ್ಪು, ಕಾಲದ ತಪ್ಪು, ಬೆಂಗಳೂರಿನವರ ತಪ್ಪು ಎಂದಿದ್ದೆವು. ನಿಜವಾದ ಕಾರಣವನ್ನು ಅವರು ಒಂದೇ ಮಾತಿನಲ್ಲಿ ತೋರಿಸಿಕೊಟ್ಟರು. ಆ ಸಂಜೆ ಸಂಕಲನದ ಕಡತವನ್ನು ತೆರೆದು ಚೌಕಟ್ಟು ಚೌಕಟ್ಟಾಗಿ ನೋಡಿದೆವು.

ಮೂಲ ವಿಡಿಯೊ ಅಡ್ಡ ಚೌಕಟ್ಟಿನದು, 1920 ಪಿಕ್ಸೆಲ್ ಅಗಲ, 1080 ಎತ್ತರ. ಎತ್ತರವನ್ನು ಹಾಗೆಯೇ ಇಟ್ಟುಕೊಂಡು ಫೋನಿನ ನೆಟ್ಟಗಿನ ಚೌಕಟ್ಟನ್ನು ಅದರಿಂದ ಕತ್ತರಿಸಿದರೆ ಅಗಲದಲ್ಲಿ ಉಳಿಯುವುದು ಸುಮಾರು 608, ಮೂರರಲ್ಲಿ ಒಂದು ಪಾಲಿಗೂ ಕಡಿಮೆ. ನಿರೂಪಕ ಪಕ್ಕದ ಕಟ್ಟೆಯಲ್ಲಿ ಕೂತಿದ್ದವನು, ಹೊರಗೆ ಹೋದ. ಸಂಕಲನದ ಹುಡುಗ ಮುಖ ದೊಡ್ಡದಾಗಿ ಕಾಣಲೆಂದು ಇನ್ನಷ್ಟು ಹಿಗ್ಗಿಸಿದ್ದ, ಕೆಳಗಡೆ ಅಕ್ಷರಗಳಿಗೆ ಜಾಗ ಬಿಟ್ಟಿದ್ದ. ಮೊರ, ಕತ್ತರಿ, ಎಲೆ, ಕೈ ಎಲ್ಲವೂ ಹೋದವು. ಉಳಿದದ್ದು ಮುಖ ಮಾತ್ರ.

ದೊಡ್ಡಮ್ಮನ ಮಾತಿಗೆ ತಾಳ ಹಾಕುತ್ತಿದ್ದುದು ಆ ಕೈ. ಒಂದು ಬೀಡಿ ಸುತ್ತುವಷ್ಟು ಹೊತ್ತು ಮಾತು, ನೂಲು ಕಟ್ಟುವಷ್ಟು ಹೊತ್ತು ಮೌನ. ಅಧಿಕಾರಿಯ ಪ್ರಶ್ನೆಯನ್ನು ಅವರ ದನಿಯಲ್ಲಿ ಹೇಳಿ, ತಲೆ ತಗ್ಗಿಸಿ ನೂಲಿನ ಗಂಟು ಬಿಗಿದು, ತಲೆಯೆತ್ತಿ ತಮ್ಮ ಉತ್ತರ ಹೇಳುತ್ತಾರೆ. ಅಡ್ಡ ಚೌಕಟ್ಟಿನಲ್ಲಿ ಅದು ಪಳಗಿದ ಕಲಾವಿದೆಯ ಬಿಡುವು. ಮುಖವಷ್ಟೇ ಉಳಿದಾಗ ಅದೇ ಮೌನ ಪ್ರಶ್ನೆ ಅರ್ಥವಾಗದೆ ತಲೆ ತಗ್ಗಿಸಿದಂತೆ ಕಂಡಿತು. ಅದಕ್ಕೂ ಮೊದಲು ಅವರು ನಿರೂಪಕನ ಕಡೆ ಒಂದು ತುಂಟ ನೋಟ ಹಾಯಿಸಿ, “ಆಗ ನಾನು ಹೇಗೆ ನಿಂತಿದ್ದೆ ನೋಡು” ಎಂದು ಹೇಳಿಯೇ ನಟನೆ ಶುರುಮಾಡುವುದು. ಆ ಮಾತು ಕತ್ತರಿಗೆ ಹೋಗಿತ್ತು. ಹಾಗಾಗಿ ಅವರು ಆಡಿ ತೋರಿಸಿದ ಕಕ್ಕಾಬಿಕ್ಕಿ ಅವರ ಸ್ವಭಾವವೇ ಆಗಿಬಿಟ್ಟಿತು.

ಇನ್ನು ನಿರೂಪಕನ ನಗು. ಮೂಲದಲ್ಲಿ ಅವನು ಕಣ್ಣೆದುರು ಇದ್ದಾನೆ, ಹೊಟ್ಟೆ ಹಿಡಿದುಕೊಂಡು ನಗುತ್ತಾನೆ, ದೊಡ್ಡಮ್ಮ ಅವನನ್ನು ಕಂಡು ತಾವೂ ನಗುತ್ತಾರೆ. ತುಣುಕಿನಲ್ಲಿ ಅವನು ಕಾಣುವುದಿಲ್ಲ. ಕಾಣದ ಗಂಡಸೊಬ್ಬನ ನಗು ಮಾತ್ರ ಕೇಳುತ್ತದೆ, ಎದುರಿಗೆ ತಲೆ ತಗ್ಗಿಸಿದ ಹೆಂಗಸಿನ ಮುಖ. ಬಾನುಲಿಯಲ್ಲಿ ದುಡಿದವನಾಗಿ ಇದು ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಕೇಳುಗರಿಗೆ ಎಲ್ಲಿ ನಗಬೇಕು, ಯಾರನ್ನು ಕಂಡು ನಗಬೇಕು ಎಂಬ ಅಪ್ಪಣೆ ಕೊಡುವುದು ನಿರೂಪಕನ ನಗು. ಅವನು ಹೊರಗಿದ್ದುಕೊಂಡು ನಕ್ಕರೆ ಲೋಕವೆಲ್ಲ ಅವನ ಜೊತೆ ಹೊರಗೆ ನಿಂತು ನಗುತ್ತದೆ. ಹಾಸ್ಯಗಾರ ರಂಗಸ್ಥಳದಿಂದ ಇಳಿದುಹೋಗಿ, ಪ್ರೇಕ್ಷಕರ ನಡುವೆ ಕೂತು, ವೇಷವೇ ಇಲ್ಲದವರತ್ತ ಬೆರಳು ತೋರಿಸಿದಂತಾಯಿತು.

ಈ ಪ್ರಕರಣದಿಂದ ನಾನು ತಲುಪಿದ ತೀರ್ಮಾನವನ್ನು ಇಲ್ಲೇ ಹೇಳಿಬಿಡುತ್ತೇನೆ. ಅತಿಥಿಯ ಮಾತನ್ನು ಚಿಕ್ಕದು ಮಾಡುವ ಸ್ವಾತಂತ್ರ್ಯ ನಿರೂಪಕನಿಗೆ ಬೇಕು, ಅದಿಲ್ಲದೆ ಈ ಕೆಲಸ ನಡೆಯುವುದಿಲ್ಲ. ಆದರೆ ಕಥೆಯ ಕೊನೆಯಲ್ಲಿ ಯಾರು ಗೆಲ್ಲುತ್ತಾರೆ ಎಂಬುದನ್ನು ಬದಲಿಸುವ ಅಧಿಕಾರ ಅವನಿಗಿಲ್ಲ.

ಕಾನೂನು ಎಲ್ಲಿ ನಿಲ್ಲುತ್ತದೆ

ಮಗ ವಕೀಲರನ್ನು ಕೇಳುವುದಾಗಿ ಹೇಳಿದ್ದ. ನಾವೂ ಓದಿ ನೋಡಿದೆವು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶಕರು ಎಂಬುದರ ವ್ಯಾಖ್ಯೆ ವಿಶಾಲವಾಗಿದೆ. ನಟರು, ಗಾಯಕರು, ನರ್ತಕರ ಜೊತೆಗೆ ದೊಂಬರಾಟದವರು, ಹಾವಾಡಿಗರು, ಉಪನ್ಯಾಸ ಕೊಡುವವರು, ಪ್ರದರ್ಶನ ನೀಡುವ ಬೇರೆ ಯಾರೇ ಆದರೂ ಅದರಲ್ಲಿ ಬರುತ್ತಾರೆ. ಜಗಲಿಯಲ್ಲಿ ಕೂತು ಮೂರು ಪಾತ್ರ ಆಡಿದ ದೊಡ್ಡಮ್ಮ ಏಕೆ ಬರಬಾರದು? 2012ರ ತಿದ್ದುಪಡಿಯಲ್ಲಿ ಸೇರಿದ 38ಬಿ ಕಲಂ, ತಮ್ಮ ಪ್ರದರ್ಶನವನ್ನು ಹೆಸರಿಗೆ ಕುಂದು ಬರುವಂತೆ ತಿರುಚಿದರೆ ತಡೆಯುವ ಹಕ್ಕನ್ನು ಪ್ರದರ್ಶಕರಿಗೆ ಕೊಡುತ್ತದೆ. ಓದಿ ಸಮಾಧಾನವಾಯಿತು. ಅದರ ಕೆಳಗಿನ ವಿವರಣೆ ಓದಿದಾಗ ಆ ಸಮಾಧಾನ ಉಳಿಯಲಿಲ್ಲ: ಸಂಕಲನಕ್ಕಾಗಿ ಅಥವಾ ಸೀಮಿತ ಅವಧಿಗೆ ಹೊಂದಿಸಲು ಒಂದು ಭಾಗವನ್ನು ತೆಗೆದುಹಾಕಿದ ಮಾತ್ರಕ್ಕೆ ಅದನ್ನು ಹೆಸರಿಗೆ ಕುಂದು ತರುವಂಥದ್ದೆಂದು ಎಣಿಸತಕ್ಕದ್ದಲ್ಲ.

60 ಸೆಕೆಂಡಿನ ಮಿತಿಗಾಗಿ ಕತ್ತರಿಸಿದ್ದು ಎಂದು ಯಾರಾದರೂ ವಾದಿಸಬಹುದು. ಸಿನಿಮಾ ಸಂಕಲನಕಾರರಿಗೆ ಆ ವಿವರಣೆ ಬೇಕು, ನಿಜ. ಆದರೆ ತೆಗೆದುಹಾಕುವುದರಿಂದಲೇ ತಿರುಚಬಹುದು ಎಂಬುದಕ್ಕೆ ಈ ತುಣುಕಿಗಿಂತ ಬೇರೆ ಸಾಕ್ಷಿ ಬೇಡ. ಒಂದು ಅಕ್ಷರವನ್ನೂ ಸೇರಿಸದೆ ಇಲ್ಲಿ ಕಥೆಯನ್ನು ತಲೆಕೆಳಗು ಮಾಡಲಾಗಿದೆ. ಆದ್ದರಿಂದ ಈ ಹೊಣೆಯನ್ನು ಕಾನೂನಿಗೆ ಬಿಟ್ಟು ನಿರೂಪಕರು ಕೈತೊಳೆದುಕೊಳ್ಳಲಾಗದು.

ಮರುಹಾಕಿದ ಪುಟಗಳ ವಿಷಯದಲ್ಲಿ ಇನ್ನೊಂದು ತೊಡಕು ಎದುರಾಯಿತು. ಯೂಟ್ಯೂಬಿನಲ್ಲಿ ಖಾಸಗಿತನದ ದೂರನ್ನು ಸಾಮಾನ್ಯವಾಗಿ ವಿಡಿಯೊದಲ್ಲಿ ಕಾಣುವ ವ್ಯಕ್ತಿಯೇ ಕೊಡಬೇಕು. ದೊಡ್ಡಮ್ಮನಿಗೆ ಇಮೇಲ್ ಎಂದರೇನೆಂದೇ ತಿಳಿಯದು. ಕೃತಿಸ್ವಾಮ್ಯದ ದೂರನ್ನಾದರೆ ವಿಡಿಯೊದ ಒಡೆಯ ಕೊಡಬಹುದು, ಒಡೆಯ ನಿರೂಪಕ. ಅವನೇ ಕುಳಿತು ಒಂದೊಂದಾಗಿ ಅರ್ಜಿ ತುಂಬಿದ. 90 ದಿನಗಳ ಅವಧಿಯಲ್ಲಿ ಮೂರು ಸ್ಟ್ರೈಕ್ (ಯೂಟ್ಯೂಬ್ ಚಾನೆಲಿನ ಮೇಲೆ ದಾಖಲಿಸುವ ತಪ್ಪು) ಬಿದ್ದರೆ ಚಾನೆಲೇ ಹೋಗುವ ಭಯವಿರುವುದರಿಂದ ಹೆಚ್ಚಿನವರು ತೆಗೆದರು. ವಾಟ್ಸ್‌ಆ್ಯಪಿನಲ್ಲಿ ಕೈಯಿಂದ ಕೈಗೆ ಹೋದದ್ದನ್ನು ಹಿಂದಕ್ಕೆ ಕರೆಯುವ ದಾರಿಯಿಲ್ಲ.

ದೊಡ್ಡಮ್ಮ ಕೇಳಿದ್ದು

ನಿರೂಪಕ ಕ್ಯಾಮೆರಾದ ಮುಂದೆ ಕ್ಷಮೆ ಕೇಳಲು ಸಿದ್ಧನಾಗಿದ್ದ. ದೊಡ್ಡಮ್ಮ ಬೇಡವೆಂದರು. ಕ್ಷಮೆ ಕೇಳುವಾಗ ಯಾವುದಕ್ಕೆ ಎಂದು ಹೇಳಬೇಕಾಗುತ್ತದೆ, ಹೇಳಿದರೆ ನೋಡದವರೂ ಹುಡುಕಿ ನೋಡುತ್ತಾರೆ ಎಂಬುದು ಅವರ ಲೆಕ್ಕ. ನೂರಕ್ಕೆ ನೂರು ಸರಿ. ಈಚೆಗೆ ಕ್ಷಮಾಪಣೆಯ ವಿಡಿಯೊಗಳು ಮತ್ತೊಂದು ಕಂತಿನಂತೆ ಓಡುತ್ತಿರುವುದನ್ನು ಕಾಣುತ್ತಿದ್ದೇವೆ. ನೋವುಂಡವರಿಗೆ ಅದರಿಂದ ದಕ್ಕುವುದು ಕಡಿಮೆ.

ಅವರು ಕೇಳಿದ್ದು ಎರಡೇ. ಒಂದು, ಆಫೀಸಿಗೆ ಫೋನು ಮಾಡುವುದನ್ನು ಹೇಗಾದರೂ ನಿಲ್ಲಿಸಬೇಕು. “ಆ ಮನುಷ್ಯ ನನಗೆ ತನ್ನ ಕುರ್ಚಿ ಕೊಟ್ಟವರು. ನನ್ನಿಂದ ಅವರಿಗೆ ಬೈಗುಳ ಬರುವುದೆಂದರೇನು?” ತಮಗಾದ ನಗೆಪಾಟಲಿಗಿಂತ ಅವರನ್ನು ಕಾಡಿದ್ದು ಇದು. ಎರಡು, ಪೂರ್ತಿ ವಿಡಿಯೊ ಹಾಗೆಯೇ ಇರಲಿ. ಅದನ್ನೂ ತೆಗೆದರೆ ಲೋಕದಲ್ಲಿ ಉಳಿಯುವುದು ತುಣುಕು ಮಾತ್ರ ಎಂದು ಮಗ ಹೇಳಿದ್ದನಂತೆ.

ನಿರೂಪಕ ಆಫೀಸಿಗೆ ಹೋಗಿ ಅಧಿಕಾರಿಯನ್ನು ಕಂಡ, ಮೂಲ ವಿಡಿಯೊ ತೋರಿಸಿದ. ತುಣುಕನ್ನು ಚಾನೆಲಿನಿಂದ ತೆಗೆದ. ಸಿಟ್ಟಿನಿಂದ ಹಂಚಿದ್ದ ಕೆಲವು ಕನ್ನಡ ಕಾರ್ಯಕರ್ತರನ್ನು ಖುದ್ದಾಗಿ ಕಂಡು ಕುರ್ಚಿಯ ಭಾಗ ತೋರಿಸಿದಾಗ, ಅವರು ತಮ್ಮ ಗುಂಪುಗಳಲ್ಲಿ ಪೂರ್ತಿ ವಿಡಿಯೊ ಹಾಕಿ ಫೋನು ಮಾಡುವುದನ್ನು ನಿಲ್ಲಿಸಲು ಹೇಳಿದರು. ಮಾತಿನಿಂದ ಬಗೆಹರಿದದ್ದು ಅಷ್ಟು.

2024ರ ಅಕ್ಟೋಬರ್ 15ರಿಂದ ಶಾರ್ಟ್ಸಿನ ಮಿತಿ 3 ನಿಮಿಷಕ್ಕೆ ಏರಿದ ಮೇಲೆ, ದೊಡ್ಡಮ್ಮನ ಒಪ್ಪಿಗೆ ಪಡೆದು ಆ ಕಥೆಯನ್ನು ಮತ್ತೊಮ್ಮೆ ಚಿಕ್ಕದು ಮಾಡಿದೆವು. ನೆಟ್ಟಗಿನ ಚೌಕಟ್ಟನ್ನು ಎರಡು ಅಂತಸ್ತು ಮಾಡಿ, ಮೇಲೆ ಮುಖ, ಕೆಳಗೆ ಮೊರ ಮತ್ತು ಕೈ. ಗೊಂದಲದ ಭಾಗವನ್ನು ಅರ್ಧ ನಿಮಿಷಕ್ಕೆ ಇಳಿಸಿ ಕುರ್ಚಿಗೆ ಜಾಗ ಕೊಟ್ಟೆವು. ನಿರೂಪಕನ ನಗು ಕೇಳುವಲ್ಲೆಲ್ಲ ಅವನ ಮುಖವೂ ಕಾಣುವಂತೆ ಮಾಡಿದೆವು. ಮೊದಲ ತುಣುಕಿನ ಹತ್ತನೇ ಒಂದು ಪಾಲೂ ಅದು ಓಡಲಿಲ್ಲ. ಆದರೆ ಕೆಳಗೆ ಬರೆದವರು ತಮ್ಮ ಅಜ್ಜನ ಕಾಲದ ಕನ್ನಡ ಪತ್ರಗಳ ಬಗ್ಗೆ, ಅವನ್ನು ಓದಿಸಲು ಯಾರ ಬಳಿಗೆ ಹೋಗಬೇಕೆಂಬ ಬಗ್ಗೆ ಬರೆದರು. ಪೆರ್ಲದ ಕಡೆಯ ಒಬ್ಬರು ದೊಡ್ಡಮ್ಮನಿಂದಲೇ ಓದಿಸಿಕೊಳ್ಳಬಹುದೇ ಎಂದು ಕೇಳಿದರು, ಮನಃಪೂರ್ವಕವಾಗಿಯೇ.

ದೊಡ್ಡಮ್ಮ ಮತ್ತೆ ಕ್ಯಾಮೆರಾದ ಮುಂದೆ ಬರಲಿಲ್ಲ. ಕೇಳಿದಾಗ ಕೆಲಸವಿದೆ ಎಂದರು. ನಿರೂಪಕ ಮತ್ತೆ ಒತ್ತಾಯಿಸಲಿಲ್ಲ.

ಈಗಿನ ಕ್ರಮ, ಮತ್ತು ಹಣದ ಮಾತು

ಚಾನೆಲಿನ ಕೆಲಸದಲ್ಲಿ ಆದ ಬದಲಾವಣೆಗಳಲ್ಲಿ ಮುಖ್ಯವಾದದ್ದು ಕ್ಯಾಮೆರಾ ಇಡುವ ಜಾಗದ್ದು. ಅತಿಥಿ ಮತ್ತು ನಿರೂಪಕ ಈಗ ಎಷ್ಟು ಹತ್ತಿರ ಕೂರುತ್ತಾರೆಂದರೆ, ನೆಟ್ಟಗೆ ಕತ್ತರಿಸಿದರೂ ಇಬ್ಬರೂ ಉಳಿಯಬೇಕು. ಕೆಲಸ ಮಾಡುತ್ತಾ ಮಾತನಾಡುವ ಅತಿಥಿಯಾದರೆ ಕೈಗಳಿಗೆಂದೇ ಇನ್ನೊಂದು ಫೋನು. ತುಣುಕನ್ನು ಅತಿಥಿಗೆ ತೋರಿಸಿಯೇ ಹಾಕುವುದು, ಫೋನಿಲ್ಲದವರ ಮನೆಗೆ ಹೋಗಿ ತೋರಿಸುವುದು. ಇದರಿಂದ ವಾರಕ್ಕೆ ಹಾಕುವ ತುಣುಕುಗಳು ಕಡಿಮೆಯಾದವು, ಸಂಕಲನದ ಹುಡುಗ ಗೊಣಗುತ್ತಾನೆ. ಅವನ ಗೊಣಗಾಟದಲ್ಲಿಯೂ ಹುರುಳಿದೆ. ಬೆಳೆಯುತ್ತಿರುವ ಚಾನೆಲಿಗೆ ವೇಗವೇ ಬಂಡವಾಳ. ಆದರೂ ತುಣುಕಿನಿಂದ ಬಂದ ಚಂದಾದಾರರಲ್ಲಿ ಉದ್ದದ ಮಾತುಕತೆ ನೋಡಲು ಉಳಿದವರು ಕೆಲವೇ ಮಂದಿ ಎಂಬುದನ್ನು ಚಾನೆಲಿನ ಅಂಕಿಅಂಶಗಳೇ ಅವನಿಗೆ ತೋರಿಸಿವೆ. ಬಂದವರು ದೊಡ್ಡಮ್ಮನನ್ನು ಕಂಡು ನಗಲು ಬಂದಿದ್ದರು, ಆ ಚಾನೆಲಿನಲ್ಲಿ ಅವರಿಗೆ ಬೇರೇನೂ ಬೇಕಿರಲಿಲ್ಲ.

ಇತ್ಯರ್ಥವಾಗದೆ ಉಳಿದದ್ದು ಹಣ. ಯೂಟ್ಯೂಬಿನಲ್ಲಿ ಉದ್ದದ ವಿಡಿಯೊದ ಜಾಹೀರಾತು ಆದಾಯದಲ್ಲಿ ಶೇ. 55 ಚಾನೆಲಿಗೆ ಬರುತ್ತದೆ. ಶಾರ್ಟ್ಸಿನಲ್ಲಿ, ಜಾಹೀರಾತು ಹಣದ ಒಟ್ಟು ಗಂಟಿನಿಂದ ಚಾನೆಲಿನ ಲೆಕ್ಕಕ್ಕೆ ಹಂಚಿಕೆಯಾದ ಪಾಲಿನ ಶೇ. 45 ಬರುತ್ತದೆ. ಖಾತೆಯಲ್ಲಿ 100 ಡಾಲರ್ ಕೂಡಿದರೆ ಮಾತ್ರ ಬ್ಯಾಂಕಿಗೆ ಇಳಿಯುತ್ತದೆ. ಲಕ್ಷಗಟ್ಟಲೆ ಜನ ನೋಡಿದ ತುಣುಕು ತಂದದ್ದು ನಿರೂಪಕನ ಒಂದು ಮದುವೆ ಕಾರ್ಯಕ್ರಮದ ಸಂಭಾವನೆಗೂ ಸಾಲದು. ಅಷ್ಟನ್ನೂ ಅವನು ದೊಡ್ಡಮ್ಮನಿಗೆ ಕೊಡಲು ಹೋದಾಗ ಅವರು ಮುಟ್ಟಲಿಲ್ಲ. ಅದು ತಮ್ಮನ್ನು ನಕ್ಕ ದುಡ್ಡು ಎಂದರು.

ಆದರೆ ಪೂರ್ತಿ ವಿಡಿಯೊದ ಆದಾಯದ ಮಾತು ಬೇರೆ. ಅದರ ಕಥೆ ಅವರದು, ನಟನೆ ಅವರದು, ಅದು ಇಂದಿಗೂ ಅಷ್ಟಿಷ್ಟು ತರುತ್ತಲೇ ಇದೆ. ನಿರೂಪಕ ಈಗ ಪ್ರತಿಯೊಬ್ಬ ಅತಿಥಿಗೂ ಚಿತ್ರೀಕರಣದ ದಿನ ಒಂದು ದಿನದ ಮಜೂರಿಯಷ್ಟು ಕೊಡುತ್ತಾನೆ. ನನ್ನ ದೃಷ್ಟಿಯಲ್ಲಿ ಅದು ಸಾಲದು. ವೇದಿಕೆಯ ಕಾರ್ಯಕ್ರಮ ಅಂದೇ ಮುಗಿಯುತ್ತದೆ, ಅದಕ್ಕೆ ಒಂದು ಸಲದ ಸಂಭಾವನೆ ನ್ಯಾಯ. ವಿಡಿಯೊ ವರ್ಷಗಟ್ಟಲೆ ದುಡಿಯುತ್ತದೆ. ಒಂದೊಂದು ವಿಡಿಯೊ ಎಷ್ಟು ಗಳಿಸಿತೆಂಬುದು ಚಾನೆಲಿನ ಲೆಕ್ಕದಲ್ಲಿ ಪ್ರತ್ಯೇಕವಾಗಿಯೇ ಕಾಣುವುದರಿಂದ ಪಾಲು ಹಂಚಲು ಲೆಕ್ಕ ಸಿಗುವುದಿಲ್ಲ ಎನ್ನುವಂತಿಲ್ಲ. ಸಂಕಲನಕಾರನ ಸಂಬಳ, ಕ್ಯಾಮೆರಾದ ಕಂತು, ಇಂಟರ್ನೆಟ್ ಖರ್ಚು ಕಳೆದ ಮೇಲೆ ಹಂಚಲು ಉಳಿಯುವುದೇನು ಎಂಬುದು ನಿರೂಪಕನ ಪ್ರಶ್ನೆ. ಖರ್ಚನ್ನು ಕಳೆಯುವ ಮೊದಲೇ ಅತಿಥಿಯ ಪಾಲು ತೆಗೆದಿಡಬೇಕು ಎಂಬುದು ನನ್ನ ವಾದ, ಏಕೆಂದರೆ ಆ ಖರ್ಚಿನ ಯಾವ ನಿರ್ಧಾರದಲ್ಲಿಯೂ ಅತಿಥಿಯನ್ನು ಯಾರೂ ಕೇಳಿರುವುದಿಲ್ಲ. ಪಾಲು ಕೊಡುವುದಕ್ಕೆ ಅವನು ತಾತ್ವಿಕವಾಗಿ ಒಪ್ಪಿದ್ದಾನೆ, ಮೊದಲ ಲೆಕ್ಕ ದೊಡ್ಡಮ್ಮನ ವಿಡಿಯೊದ್ದು ಎಂಬುದಕ್ಕೂ ಒಪ್ಪಿದ್ದಾನೆ. ಎಷ್ಟು ಪಾಲು ಎಂಬ ಚರ್ಚೆ ನಡೆಯುತ್ತಿದೆ, ಈ ಸಲ ದೊಡ್ಡಮ್ಮನ ಮಗನೂ ದುಬೈಯಿಂದ ಫೋನಿನಲ್ಲಿ ಸೇರಿಕೊಂಡಿದ್ದಾನೆ.